ಕಂಪೌಂಡರನ ಇಂಗ್ಲಿಷ್ ಕೂಟ

ಕಂಪೌಂಡರನಿಗೆ ಇಂಗ್ಲಿಷ್ ಹೇಳಿಕೊಡಲು ನಾನು ಒಪ್ಪಿದ್ದು ಸಿಟ್ಟಿನಿಂದ. ಆ ಸಿಟ್ಟು ಅವನ ಮೇಲಿನದಲ್ಲ, ಆದರೆ ಅದನ್ನು ಅನುಭವಿಸಿದವನು ಅವನೇ.

ಅರವತ್ತರ ದಶಕದ ನಡುವಿನ ಮಾತು. ಹೊಸನಗರದ ಮಾಧ್ಯಮಿಕ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತ ಎಂಟು ವರ್ಷ ಆಗಿತ್ತು. ಇಂಗ್ಲಿಷ್ ಮೇಷ್ಟರುಗಳಿಗೆ ಹೊಸ ರೀತಿಯ ತರಬೇತಿ ಕೊಡುತ್ತಾರೆ, ಅದಕ್ಕೆ ಆಯ್ಕೆ ಇದೆ ಎಂದು ಶಿವಮೊಗ್ಗದಿಂದ ಕರೆ ಬಂತು. ಮದುವೆಯ ಕೋಟು ಹಾಕಿಕೊಂಡು, ವ್ಯಾಕರಣದ ಪುಸ್ತಕವನ್ನು ಬಸ್ಸಿನಲ್ಲೂ ತಿರುವಿಹಾಕುತ್ತ ಹೋದೆ. ಮೇಜಿನ ಆಚೆ ಕೂತಿದ್ದ ಅಧಿಕಾರಿ ವ್ಯಾಕರಣದ ಸುದ್ದಿಗೇ ಬರಲಿಲ್ಲ. ಇಲ್ಲಿಗೆ ಹೇಗೆ ಬಂದಿರಿ, ದಾರಿ ಹೇಗಿತ್ತು, ಸ್ವಲ್ಪ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹನ್ನೆರಡು ಕಾಲಗಳ ಪಟ್ಟಿ ನನ್ನ ತಲೆಯಲ್ಲಿ ಸಾಲಾಗಿ ನಿಂತಿತ್ತು. ಮೊದಲ ವಾಕ್ಯಕ್ಕೆ ಅದರಲ್ಲಿ ಯಾವುದನ್ನು ಆರಿಸಬೇಕೆಂದು ನಾನು ಯೋಚಿಸುತ್ತಲೇ ಇದ್ದೆ. ಅವರು ಪಾಪ ಒಂದು ಲೋಟ ನೀರು ಕೊಟ್ಟು, ಆಯಿತು, ಹೋಗಿಬನ್ನಿ ಎಂದರು. ಬೈದಿದ್ದರೆ ಮರೆಯುತ್ತಿದ್ದೆ. ಆ ಒಂದು ಲೋಟ ನೀರು ನನ್ನನ್ನು ತಿಂಗಳುಗಟ್ಟಲೆ ಸುಟ್ಟಿತು.

ಮನೆಗೆ ಬಂದು ಹೆಂಡತಿಯ ಹತ್ತಿರ, ಈ ವರ್ಷ ಜಾಗ ಕಡಿಮೆಯಂತೆ ಎಂದು ಸುಳ್ಳು ಹೇಳಿದೆ.

ಅದೇ ವಾರ ಕಂಪೌಂಡರ್ ನಮ್ಮ ಮನೆಯ ಜಗಲಿಗೆ ಬಂದ. ಸರ್ಕಾರಿ ದವಾಖಾನೆಯಲ್ಲಿ ಮಿಕ್ಸ್ಚರ್ ಕಲಸಿ, ಬಾಟಲಿಗೆ ತುಂಬಿ, ಎಷ್ಟು ಕುಡಿಯಬೇಕೆಂದು ತಿಳಿಯಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿ ಕೊಡುತ್ತಿದ್ದವನು. ಮೇಳಿಗೆ ಕಡೆಯ ಗೇಣಿ ಒಕ್ಕಲಿನ ಮನೆಯವನು, ವಯಸ್ಸು ಇಪ್ಪತ್ತೇಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎಸ್ಸೆಸ್ಸೆಲ್ಸಿಯ ಎಲ್ಲ ವಿಷಯಗಳಲ್ಲೂ ಪಾಸು, ಇಂಗ್ಲಿಷಿನಲ್ಲಿ ಮಾತ್ರ ನಾಲ್ಕು ಸಲ ಫೇಲು.

"ಆರ್ಡ್ರು ಬಂದದೆ ಮೇಷ್ಟ್ರೇ. ಬರೋ ವರ್ಷ ಜೂನ್ ಒಳಗೆ ಸರ್ಟಿಫಿಕೇಟ್ ತೋರಿಸ್ದಿದ್ರೆ ನನ್ನ ತೆಗ್ದು ಬೇರೆಯವ್ರನ್ನ ಹಾಕ್ತಾರಂತೆ. ಡಾಕ್ಟ್ರು ಒಳ್ಳೆಯವ್ರು, ಆದ್ರೆ ಅವ್ರ ಕೈಲೂ ಇಲ್ಲ ಅದು."

"ನಾಲ್ಕು ಸಲ ಏನು ಮಾಡ್ದೆ?"

"ಬಾಯಿಪಾಠ ಮಾಡಿದೀನಿ, ನೋಡಿ," ಎಂದು ಚೀಲದಿಂದ ಒಂದು ಗೈಡ್ ತೆಗೆದ. ಹಾಳೆಗಳು ಎಣ್ಣೆ ಹಿಡಿದು ಪಾರದರ್ಶಕವಾಗಿದ್ದವು.

ನನ್ನ ಕೈಯಲ್ಲಿ ಒಬ್ಬನಾದರೂ ಪಾಸಾಗಲಿ, ನಾನು ಮೇಷ್ಟರು ಹೌದೋ ಅಲ್ಲವೋ ಆಮೇಲೆ ನೋಡೋಣ ಎಂದು ಹಟ ಬಂತು. ಬೆಳಿಗ್ಗೆ ಆರೂವರೆಗೆ ಬಾ ಎಂದೆ.

ಜುಲೈಯಿಂದ ಅಕ್ಟೋಬರ್‌ವರೆಗೆ ನಾನು ಮಾಡಿದ್ದು ಏನೆಂದರೆ, ಅವನು ಮಾಡುತ್ತಿದ್ದುದನ್ನೇ ಇನ್ನೂ ಜೋರಾಗಿ ಮಾಡಿಸಿದ್ದು. ಪಾಠ ಓದು, ಕಷ್ಟದ ಮಾತುಗಳಿಗೆ ಕನ್ನಡದಲ್ಲಿ ಅರ್ಥ ಬರೆದುಕೋ, ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡು, ಕಾಲಗಳ ಪಟ್ಟಿ ಹತ್ತು ಸಲ ನಕಲು ಮಾಡು. ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಬಂದು, ಒಂದು ದಿನವೂ ತಪ್ಪಿಸದೆ, ಹೇಳಿದ್ದನ್ನೆಲ್ಲ ಮಾಡಿದ. ಅವನ ನೆನಪಿನ ಶಕ್ತಿ ಕಂಡು ನನಗೇ ಭಯವಾಗುತ್ತಿತ್ತು. ಹದಿನಾರು ಪುಟ ಒಂದು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಆದರೆ ಪ್ರಶ್ನೆಯನ್ನು ಒಂದಿಷ್ಟು ತಿರುಗಿಸಿ ಕೇಳಿದರೆ ಮುಗಿಯಿತು. ಪ್ಯಾರಾದ ನಡುವಿನ ಒಂದು ಮಾತು ಬೇಕೆಂದರೆ ಅವನು ಕಣ್ಣು ಮುಚ್ಚಿ, ತುಟಿ ಆಡಿಸುತ್ತ, ಮೊದಲಿನಿಂದ ಹೊರಟು ಅಲ್ಲಿಗೆ ನಡೆದು ಬರಬೇಕಿತ್ತು. ನಾನು ಮೇಜು ಕುಟ್ಟುತ್ತಿದ್ದೆ. ಮೇಜು ಕುಟ್ಟಿದ ಸದ್ದಿಗೆ ಅವನಿಗೆ ದಾರಿ ತಪ್ಪಿ, ಮತ್ತೆ ಮೊದಲಿನಿಂದ ಹೊರಡುತ್ತಿದ್ದ.

ಅಕ್ಟೋಬರಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು ಮೂರು ಗಂಟೆ ಕೂರಿಸಿದೆ. ಸ್ನೇಹಿತನಿಗೆ ನಿಮ್ಮ ಊರನ್ನು ಬಣ್ಣಿಸಿ ಕಾಗದ ಬರೆಯಿರಿ ಎಂಬ ಪ್ರಶ್ನೆಯಿತ್ತು. ಹೊಸನಗರಕ್ಕೆ ದೊಡ್ಡ ಬಂದರಿದೆ, ಸಂಜೆಯ ಹೊತ್ತು ಹಡಗುಗಳು ದಡಕ್ಕೆ ಬರುವ ನೋಟ ಬಹಳ ರಮ್ಯ ಎಂದು ಬರೆದಿದ್ದ. ಗೈಡ್ ಬರೆದವನು ಯಾವುದೋ ಕಡಲತೀರದ ಊರಿನವನು.

"ಏನೋ ಇದು? ಎಲ್ಲಿದೆಯೋ ಬಂದರು? ಬಸ್‌ಸ್ಟ್ಯಾಂಡಿನ ಹಿಂದೆಯಾ?"

"ಗೈಡಲ್ಲಿ ಹಂಗೇ ಇರೋದು ಮೇಷ್ಟ್ರೇ."

"ನೀನು ಸಮುದ್ರ ನೋಡಿದೀಯಾ?"

"ಇಲ್ಲ."

ನೂರಕ್ಕೆ ಹತ್ತೊಂಬತ್ತು ಕೊಟ್ಟೆ. ಪಾಸಾಗಲು ಮೂವತ್ತೈದು ಬೇಕು. ನನ್ನ ಕೆಂಪು ಶಾಯಿಯಲ್ಲಿ ಅವನ ನೀಲಿ ಅಕ್ಷರಗಳೇ ಕಾಣುತ್ತಿರಲಿಲ್ಲ. ಅವನು ಹಾಳೆಗಳನ್ನು ನೀಟಾಗಿ ಮಡಿಸಿ ಜೇಬಿಗಿಟ್ಟುಕೊಂಡು ದವಾಖಾನೆಗೆ ಹೋದ. ಒಳಗಿನಿಂದ ಹೆಂಡತಿ, "ದಿನಾ ಬೆಳಗಾದ್ರೆ ಅವನಿಗೆ ಬೈಗುಳ, ನಂಗೆ ತಲೆನೋವು. ಇಬ್ರಲ್ಲಿ ಕಲಿತವ್ರು ಯಾರು ಅಂತ ಗೊತ್ತಾಗ್ಲಿಲ್ಲ," ಎಂದಳು.

ದೀಪಾವಳಿ ಕಳೆದ ಭಾನುವಾರ ಆನಂದಪುರದಲ್ಲಿ ಒಂದು ಹಗಲು ತಾಳಮದ್ದಳೆ ಇತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಆ ಪಾತ್ರದ ಅರ್ಥಧಾರಿ ಕೂತಲ್ಲೇ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ, ಎದುರಿನವನು ಸವಾಲು ಹಾಕುತ್ತಾನೆ. ಬರೆದಿಟ್ಟ ಮಾತು ಒಂದೂ ಇರುವುದಿಲ್ಲ. ನನ್ನ ಭಾವಮೈದನ ಊರಾದ್ದರಿಂದ ಹೋದೆ. ಹೋಗಿ ಚಾಪೆಯ ಮೇಲೆ ಕೂತು ನೋಡಿದರೆ, ಮದ್ದಳೆಯ ಬಲಕ್ಕೆ ಬಿಳಿ ಅಂಗಿ ಹಾಕಿ ಕೂತವನು ನಮ್ಮ ಕಂಪೌಂಡರ್! ಸಂಧಾನಕ್ಕೆ ಬಂದ ದೂತನ ಪಾತ್ರ. ಎದುರಿಗೆ ರಾಜನಾಗಿ ಸಾಗರದ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು. ಆ ಕಾಲಕ್ಕೆ ಅವರ ಎದುರು ಕೂತು ಬೆವರದವರು ಕಡಿಮೆ.

ಯಜಮಾನರು ಪ್ರಸಂಗದಲ್ಲಿ ಇಲ್ಲದ ಪ್ರಶ್ನೆಗಳನ್ನೇ ಹುಡುಕಿ ಹುಡುಕಿ ಎಸೆದರು. ಇವನು ಒಂದಕ್ಕೂ ನಿಲ್ಲಲಿಲ್ಲ. ಅವರ ಮಾತು ಮುಗಿಯುವುದೇ ತಡ, ಆ ಕೊನೆಯ ಮಾತನ್ನೇ ಹಿಡಿದು ಎಬ್ಬಿಸುತ್ತಿದ್ದ, ಅಲ್ಲಿಂದ ತನ್ನ ದಾರಿ ಮಾಡಿಕೊಳ್ಳುತ್ತಿದ್ದ. ಮುಕ್ಕಾಲು ಗಂಟೆ ಹಾಗೆ ನಡೆಯಿತು. ಸುತ್ತ ಕೂತವರು ತಲೆದೂಗಿದರು. ನನಗೆ ಮೈ ಉರಿಯಿತು. ನಿನ್ನೆ ಏನು ಊಟ ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಕಣ್ಣು ಮುಚ್ಚುವ ಮನುಷ್ಯ ಇವನೇ ಏನು? ಕೂಟ ಮುಗಿದು ಅವಲಕ್ಕಿ, ಕಾಫಿ ಬರುವ ಹೊತ್ತಿಗೆ ಯಜಮಾನರು ಅವನನ್ನು ಕಂಬದ ಹತ್ತಿರ ಕರೆದು ತಮ್ಮ ಹವ್ಯಕ ಮಾತಿನಲ್ಲಿ ಮೆಲ್ಲಗೆ ಹೇಳಿದರು. "ಅರ್ಥ ಚೊಲೋ ಆತು ತಮಾ. ಆದ್ರೆ ಒಂದು ಮಾತು ಇದ್ದು, ಹೇಳ್ತಿ ಕೇಳು." ಒಂದೆರಡು ತಪ್ಪು ತೋರಿಸಿ ಬೆನ್ನು ತಟ್ಟಿ ಹೋದರು.

ವಾಪಸು ಬಸ್ಸಿನಲ್ಲಿ ಅವನ ಪಕ್ಕ ಕೂತು ಕೇಳಿದೆ. "ಬಾಯಿಪಾಠ ಇಲ್ದೆ ಅಷ್ಟು ಹೊತ್ತು ಹೇಗೋ ಮಾತಾಡ್ತೀಯ?"

"ಬಾಯಿಪಾಠ ಮಾಡಿದ್ರೆ ಸತ್ತೆ, ಅಷ್ಟೇ. ಅವ್ರು ಏನು ಕೇಳ್ತಾರೆ ಅಂತ ಯಾರಿಗೆ ಗೊತ್ತು? ಕಥೆ ಎಲ್ಲಿ ನಿಂತದೆ ಅಂತ ಗೊತ್ತಿರ್ಬೇಕು. ಎದುರಿನವ್ರ ಕೊನೇ ಮಾತು ಹಿಡ್ಕಬೇಕು. ಮಾತು ಸಿಗ್ದಿದ್ರೆ ಬೇರೆ ಮಾತಲ್ಲಿ ಸುತ್ತಿ ಬರ್ಬೇಕು. ನಿಂತ್ರೆ ಹೋಯ್ತು ಮೇಷ್ಟ್ರೇ."

ನಿಂತರೆ ಹೋಯಿತು. ಶಿವಮೊಗ್ಗದ ಮೇಜಿನ ಮುಂದೆ ನನಗೆ ಆದದ್ದೂ ಅದೇ. ರಿಪ್ಪನ್‌ಪೇಟೆ ದಾಟುವ ಹೊತ್ತಿಗೆ ತೀರ್ಮಾನ ಮಾಡಿದ್ದೆ. ಮರುದಿನ ಬೆಳಿಗ್ಗೆ ಅವನ ಗೈಡನ್ನು ಕಿತ್ತುಕೊಂಡು ನನ್ನ ಟ್ರಂಕಿಗೆ ಹಾಕಿ ಬೀಗ ಜಡಿದೆ. ಪರೀಕ್ಷೆಗೆ ನಾಲ್ಕೂವರೆ ತಿಂಗಳು ಉಳಿದಿತ್ತು.

"ಇವತ್ತಿಂದ ಇಂಗ್ಲಿಷಲ್ಲಿ ಕೂಟ. ನೀನು ಕಂಪೌಂಡರ್, ನಾನು ರೋಗಿ. ಮಾತಾಡು."

ಅವನು ಹೆದರಿದ, ಆದರೆ ಕೂತ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದ. "ವೇರ್ ಪೇನ್?"

ಹೊಟ್ಟೆ ಎಂದೆ. ಯಾವಾಗಿನಿಂದ, ಏನು ತಿಂದಿದ್ದಿರಿ, ಹೊರಗೆ ಹೋಗುವುದು ಹೇಗಿದೆ ಎಂದು ಅವನು ಮುರುಕು ಮುರುಕಾಗಿ, ಆದರೆ ದವಾಖಾನೆಯಲ್ಲಿ ಕೇಳುವ ಕ್ರಮದಲ್ಲೇ ಕೇಳುತ್ತ ಹೋದ. ಮೂರನೆಯ ಪ್ರಶ್ನೆಗೆ ನಾನು ನಿಂತೆ. ಶಿವಮೊಗ್ಗದಲ್ಲಿ ಆದ ಹಾಗೆಯೇ, ಯಾವ ಕಾಲ, ಯಾವ ಪದ ಎಂದು ತಡಕಾಡುತ್ತ ಕೂತೆ. ಅವನು ತಾಳ್ಮೆಯಿಂದ ನನ್ನ ಮುಖ ನೋಡುತ್ತ ಕಾದ. ನನ್ನ ಶಿಷ್ಯನ ಎದುರು, ನನ್ನ ಮನೆಯ ಜಗಲಿಯಲ್ಲಿ, ನನಗೆ ಹೊಟ್ಟೆನೋವು ಹೇಗೆ ಬಂತೆಂದು ಹೇಳಲು ಆಗಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು ನನಗೆ ಗೊತ್ತಿದ್ದ ದಾರಿ ಒಂದೇ. ಅವನ ಪ್ರಶ್ನೆಯಲ್ಲಿದ್ದ ತಪ್ಪು ಹಿಡಿದೆ. ಅದನ್ನು ತಿದ್ದಿ, ಐದು ಸಲ ಹೇಳಿಸಿ, ಹೊತ್ತು ಕಳೆದೆ.

ಮರುದಿನವೂ ಹಾಗೆಯೇ ಆಯಿತು. ಅವನು ಬಾಯಿ ತೆರೆಯುವುದು, ನಾನು ನಡುವೆ ಬಾಯಿ ಹಾಕುವುದು. ಮೂರನೆಯ ದಿನ ಅವನ ವಾಕ್ಯಗಳು ಎರಡು ಪದಕ್ಕೆ ಇಳಿದವು, ನಾಲ್ಕನೆಯ ದಿನ ತಲೆಯಾಡಿಸಿದ. ಐದನೆಯ ದಿನ ನಾನು ಏನೋ ತಿದ್ದುತ್ತಿರುವಾಗಲೇ ಎದ್ದು ನಿಂತ, ಕೊಪ್ಪೆ ಹೆಗಲಿಗೆ ಹಾಕಿಕೊಂಡ.

"ಮೇಷ್ಟ್ರೇ, ಕೂಟದಲ್ಲಿ ಅರ್ಥ ಹೇಳ್ತಾ ಇದ್ದೋನ ನಡುವೆ ಯಾರೂ ತಿದ್ದಲ್ಲ. ದೊಡ್ಡವ್ರೂ ತಿದ್ದಲ್ಲ. ನೀವು ನನ್ನ ಎದುರಾಳಿನೋ, ತೀರ್ಪು ಹೇಳೋರೋ ಮೊದ್ಲು ಹೇಳಿ. ಎರಡೂ ನೀವೇ ಆದ್ರೆ ನಾನು ಯಾಕೆ ಕೂರ್ಬೇಕು?"

ಧ್ವನಿ ಏರಿಸಲಿಲ್ಲ. ಮೆಟ್ಟಿಲಿಳಿದು ಹೋದ. ನಡುವೆ ಎದ್ದುಹೋಗುವುದೆಂದರೆ ಅರ್ಥಧಾರಿಗಳಲ್ಲಿ ಎಂಥ ಅವಮಾನದ ಮಾತು ಎಂದು ನನಗೆ ಗೊತ್ತಿತ್ತು. ಜೀವಮಾನದಲ್ಲಿ ಒಮ್ಮೆಯೂ ಎದ್ದುಹೋಗದವರೇ ಹೆಚ್ಚು. ಅವನ ಬೆನ್ನಿಗೆ ಏನೇನೋ ಕೂಗಿದೆ. ಫೇಲಾಗಿ ಹಾಳಾಗು ಎಂದೂ ಕೂಗಿದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಹನ್ನೆರಡು ದಿನ ಬರಲಿಲ್ಲ. ಆರೂವರೆಗೆ ಜಗಲಿಗೆ ಹೋಗಿ ಕೂತು, ಎಂಟಕ್ಕೆ ಒಳಗೆ ಬರುತ್ತಿದ್ದೆ. ಹೆಂಡತಿ ಹದಿಮೂರನೆಯ ದಿನ ಕಾಫಿ ಲೋಟ ಇಡುತ್ತ ಹೇಳಿದಳು. "ಶಿವಮೊಗ್ಗದಲ್ಲಿ ಜಾಗ ಕಡಿಮೆ ಇತ್ತು ಅಂದ್ರಲ್ಲ, ನಾನು ನಂಬ್ಲಿಲ್ಲ. ಬಂದ ದಿನದಿಂದ ನೋಡ್ತಿದೀನಿ. ಆ ಸಿಟ್ಟು ಅವನ ಮೇಲೆ ಯಾಕೆ? ಹೋಗಿ ಕರ್ಕೊಂಡು ಬನ್ನಿ."

ದವಾಖಾನೆಗೆ ಹೋದೆ. ಇಲ್ಲದ ಕೆಮ್ಮನ್ನು ನೆಪ ಮಾಡಿಕೊಂಡಿದ್ದೆ. ಸಾಲಿನಲ್ಲಿ ನಿಂತು ಕಿಟಕಿಗೆ ಬಂದಾಗ ಅವನು ತಲೆ ಎತ್ತದೆ ಬಾಟಲಿ ಕೇಳಿದ. ಕ್ಷಮೆ ಕೇಳುವ ಮಾತು ಕನ್ನಡದಲ್ಲಿ ನನ್ನ ಬಾಯಿಗೆ ಬರಲಿಲ್ಲ. ಮೇಷ್ಟರುಗಳಿಗೆ ಆ ಅಭ್ಯಾಸವಿಲ್ಲ. ಹಿಂದಿನವರೆಲ್ಲ ಹೋಗುವವರೆಗೆ ಬೆಂಚಿನ ಮೇಲೆ ಕಾದು, ಕಿಟಕಿಗೆ ಬಂದು, ಇಂಗ್ಲಿಷಿನಲ್ಲಿ ಶುರು ಮಾಡಿದೆ. ಶಿವಮೊಗ್ಗಕ್ಕೆ ಹೋದದ್ದು, ಅಧಿಕಾರಿ ಕೇಳಿದ್ದು, ನಾನು ಕಂಬದಂತೆ ನಿಂತದ್ದು, ನೀರು ಕುಡಿದದ್ದು. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ತಪ್ಪು ತಪ್ಪಾಗಿ, ತಿದ್ದಿಕೊಳ್ಳದೆ, ಸಿಕ್ಕ ಮಾತಿನಲ್ಲಿ ಸುತ್ತಿ ಸುತ್ತಿ ಹೇಳಿದೆ. ನನ್ನ ತಪ್ಪುಗಳು ನನಗೇ ಕೇಳುತ್ತಿದ್ದವು. ಅವನು ಅಳತೆಯ ಗಾಜನ್ನು ಕೆಳಗಿಟ್ಟು ಕೇಳಿಸಿಕೊಂಡ. ನಾನು ನಿಲ್ಲಿಸಿದಾಗ ನನ್ನ ಕೊನೆಯ ಮಾತನ್ನೇ ಹಿಡಿದ.

"ವಾಟರ್ ಡ್ರಿಂಕಿಂಗ್. ದೆನ್, ವಾಟ್ ಯು ಡಿಡ್?"

ಅದರಲ್ಲಿದ್ದ ತಪ್ಪನ್ನು ನಾನು ತಿದ್ದಲಿಲ್ಲ. ಬಸ್ಸು ಹತ್ತಿದೆ, ಮನೆಗೆ ಬಂದೆ, ಹೆಂಡತಿಗೆ ಸುಳ್ಳು ಹೇಳಿದೆ ಎಂದೆ. ಅವನು ಜೋರಾಗಿ ನಕ್ಕುಬಿಟ್ಟ. ಒಳಗಿನಿಂದ ಡಾಕ್ಟರು ಇಣುಕಿ ನೋಡಿದರು. ಮರುದಿನ ಆರೂವರೆಗೆ ಅವನು ಜಗಲಿಯಲ್ಲಿದ್ದ.

ಅಂದಿನಿಂದ ಕ್ರಮ ಬದಲಾಯಿತು. ಗೋಡೆಯ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಇಬ್ಬರೂ ಎದುರಾಳಿಗಳು. ಆಗ ಯಾರೂ ಯಾರನ್ನೂ ತಿದ್ದುವಂತಿಲ್ಲ, ಪದ ಸಿಗದಿದ್ದರೆ ಸುತ್ತಿ ಬರಬೇಕು, ನಿಲ್ಲುವಂತಿಲ್ಲ. ನನ್ನ ತೊಡೆಯ ಮೇಲೆ ಒಂದು ಹಾಳೆ. ಅವನು ಆಡಿದ ವಾಕ್ಯಗಳಲ್ಲಿ ಕೆಲವನ್ನು ಆಡಿದ ಹಾಗೆಯೇ ಗುರುತು ಹಾಕಿಕೊಳ್ಳುತ್ತಿದ್ದೆ. ಕೂಟ ಮುಗಿದು ಕಾಫಿ ಬಂದ ಮೇಲೆ ಮೂರೇ ಮೂರು ತಪ್ಪು ಹೇಳುವುದು, ನಾಲ್ಕನೆಯದು ಎಷ್ಟೇ ತುರಿಸಿದರೂ ನುಂಗಿಕೊಳ್ಳುವುದು. ಸರಿಪಡಿಸಿದ ವಾಕ್ಯಗಳನ್ನು ಅವನು ನೋಟ್‌ಬುಕ್ಕಿಗೆ ಇಳಿಸಿ, ಬಾಯಿಪಾಠ ಮಾಡಿ, ಮರುದಿನ ಒಪ್ಪಿಸಬೇಕು. ಅವನ ಆ ನೆನಪಿನ ಶಕ್ತಿಗೆ ಕೊನೆಗೂ ಯೋಗ್ಯವಾದ ಮೇವು ಸಿಕ್ಕಿತು. ಕಾಮಾಲೆಗೆ ನಾಟಿ ಔಷಧಿ ಮೇಲೋ ದವಾಖಾನೆಯದು ಮೇಲೋ ಎಂದು ನಾಲ್ಕು ದಿನ ವಾದ ನಡೆಯಿತು. ತೀರ್ಥಹಳ್ಳಿಯ ಬಸ್ಸು ಹೂತುಹೋದದ್ದು, ಮೇಳಿಗೆಯ ಮನೆಯಲ್ಲಿ ಎಮ್ಮೆ ಕಳೆದದ್ದು, ಎಲ್ಲ ಬಂತು. ನೋಟ್‌ಬುಕ್ಕು ಒಂದು ಮುಗಿದು ಎರಡಕ್ಕೆ ಬಿತ್ತು.

ಜನವರಿಯಿಂದ ಆಡಿದ್ದನ್ನು ಬರೆಯಿಸಿದೆ. ಇಲ್ಲಿ ಮತ್ತೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬಾಯಲ್ಲಿ ಓಡುತ್ತಿದ್ದವನು ಕಾಗದದ ಮೇಲೆ ಕುಂಟುತ್ತಿದ್ದ. ಸ್ಪೆಲಿಂಗ್ ಅವನಿಗೆ ಆಗಿಬರಲೇ ಇಲ್ಲ. ಔಷಧಿಗಳ ಉದ್ದುದ್ದ ಹೆಸರು ಸರಿಯಾಗಿ ಬರೆಯುವವನು ದಿನಬಳಕೆಯ ಮಾತುಗಳಲ್ಲಿ ಎಡವುತ್ತಿದ್ದ. ನಾನು ದಿನಕ್ಕೆ ಮೂರು ಎಂಬ ನೇಮ ಮುರಿಯಲು ಹೋದಾಗಲೆಲ್ಲ ಅವನು ಸುಮ್ಮನೆ ಕೊಪ್ಪೆಯ ಕಡೆ ನೋಡುತ್ತಿದ್ದ.

ಇಷ್ಟು ಸಾಲದೆಂದು ಫೆಬ್ರವರಿಯಲ್ಲಿ ಅವನನ್ನು ಸಿಡುಬಿನ ಲಸಿಕೆ, ಜನರ ಬಾಯಲ್ಲಿ ಮೈಲಿ, ಹಾಕಲು ಮೂರು ವಾರ ಹಳ್ಳಿಗಳಿಗೆ ಕಳಿಸಿದರು. ಪರೀಕ್ಷೆಗೆ ಉಳಿದಿದ್ದೇ ಆರು ವಾರ. ಡಾಕ್ಟರ ಹತ್ತಿರ ಹೋಗಿ ಜಗಳವಾಡಿದೆ. ಅವರು, "ರೋಗ ಪರೀಕ್ಷೆ ಮುಗಿಯುವವರೆಗೆ ಕಾಯುತ್ತದೆಯೇ?" ಎಂದರು. ಐದನೆಯ ದಿನ ಒಂದು ಕಾರ್ಡು ಬಂತು. ಹೊಳೆ ದಾಟಿದೆ, ನೀರು ಕಡಿಮೆ ಇದೆ, ಮೈಲಿ ಹಾಕುವವರು ಬಂದರೆಂದು ಜನ ಗದ್ದೆಗೆ ಓಡಿಹೋದರು, ನಿಮ್ಮ ಕೆಮ್ಮು ಹೇಗಿದೆ, ಎಲ್ಲ ಇಂಗ್ಲಿಷಿನಲ್ಲಿ. ನಾನೂ ಇಂಗ್ಲಿಷಿನಲ್ಲಿ ಉತ್ತರ ಬರೆದೆ. ಹೀಗೆ ಆರು ಕಾರ್ಡು ಬಂದವು. ಕೊನೆಯದರಲ್ಲಿ ಒಬ್ಬ ಅಜ್ಜಿಯ ಕಥೆಯಿತ್ತು. ಮೊಮ್ಮಗಳನ್ನು ಕಣಜದೊಳಗೆ ಬಚ್ಚಿಟ್ಟಿದ್ದಳಂತೆ. ಇವನು ಹೊರಗೆ ಕೂತು ಒಂದು ಗಂಟೆ ಅರ್ಥ ಹೇಳಿದ ಮೇಲೆ ತಾನೇ ಹೊರತೆಗೆದು ತೋಳು ಹಿಡಿದು ಕೊಟ್ಟಳಂತೆ. ತಪ್ಪು ಲೆಕ್ಕವಿಲ್ಲದಷ್ಟಿದ್ದವು. ಓದಿ ನನ್ನ ಕಣ್ಣಲ್ಲಿ ನೀರು ಬಂತು.

ಪರೀಕ್ಷೆ ಸಾಗರದಲ್ಲಿ. ನಾನೂ ರಜೆ ಹಾಕಿ ಜೊತೆಗೆ ಹೋದೆ. ಶಾಲೆಯ ಹೊರಗೆ ಮರದ ಕೆಳಗೆ ಮೂರು ಗಂಟೆ ಅಡ್ಡಾಡಿದೆ. ಹೊರಗೆ ಬಂದವನ ಮುಖ ಬೆಳಗುತ್ತಿತ್ತು.

"ನೀವು ಮಾಡಿದ ಒಂದು ಪ್ರಯಾಣ ಅಂತ ಪ್ರಬಂಧ ಕೊಟ್ಟಿದ್ರು ಮೇಷ್ಟ್ರೇ. ಮೈಲಿ ಹಾಕೋಕೆ ಹೋಗಿದ್ದು ಬರ್ದೆ. ಅಜ್ಜಿ, ಕಣಜ, ಎಲ್ಲಾ."

ಗೈಡಿನಲ್ಲಿ ಸಮುದ್ರ ಪ್ರಯಾಣ ಎಂಬ ಪ್ರಬಂಧವಿತ್ತು. ಒಂದೂ ತಪ್ಪಿಲ್ಲದ ಎರಡು ಪುಟ. ಅವನಿಗೆ ಅದು ಈಗಲೂ ಬಾಯಿಗೆ ಬರುತ್ತಿತ್ತು.

"ಗೈಡಲ್ಲಿ ಇತ್ತಲ್ಲೋ! ಅದನ್ನ ಇಳಿಸಿ ಬಂದಿದ್ರೆ ಆಗ್ತಿತ್ತಲ್ಲೋ!"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಅದು ನಾನು ಮಾಡಿದ ಪ್ರಯಾಣ ಅಲ್ವಲ್ಲ."

ಬಂದರು ಎಲ್ಲಿದೆ ಎಂದು ಗೇಲಿ ಮಾಡಿ ಹತ್ತೊಂಬತ್ತು ಅಂಕ ಕೊಟ್ಟವನು ನಾನೇ. ಗೈಡಿಗೆ ಬೀಗ ಜಡಿದವನೂ ನಾನೇ. ಬಸ್ಸಿನಲ್ಲಿ ಬರುವಾಗ ಅವನು ಬರೆದದ್ದನ್ನು ಬಾಯಲ್ಲಿ ಹೇಳಿಸಿಕೊಂಡೆ. ಪ್ರತಿ ವಾಕ್ಯಕ್ಕೂ ನನ್ನ ಒಳಗೆ ಒಬ್ಬ ಪರೀಕ್ಷಕ ಕೆಂಪು ಗೆರೆ ಎಳೆಯುತ್ತಿದ್ದ. ಅಲ್ಲಿಂದ ಫಲಿತಾಂಶದವರೆಗೆ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಜೂನ್‌ನಲ್ಲಿ ಪತ್ರಿಕೆಯಲ್ಲಿ ಪಾಸಾದವರ ನಂಬರುಗಳು ಬಂದವು. ಶಿವಮೊಗ್ಗದ ಬಸ್ಸಿನಿಂದ ಇಳಿದ ಕಟ್ಟನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಚ್ಚಿಸಿ ಹುಡುಕಿದೆವು. ಅವನ ಹಿಂದಿನ ನಂಬರಿತ್ತು, ಮುಂದಿನದೂ ಇತ್ತು. ಆಮೇಲೆ ಬಂದ ಅಂಕಪಟ್ಟಿಯಲ್ಲಿ ಮೂವತ್ತಮೂರು. ಎರಡೇ ಎರಡು ಅಂಕ. ಜುಲೈ ಮೊದಲ ವಾರ ಅವನನ್ನು ಕೆಲಸದಿಂದ ಬಿಡಿಸಿದರು. ದವಾಖಾನೆಯ ಕಿಟಕಿಯಲ್ಲಿ ಬೇರೆ ಮುಖ ಕಂಡ ದಿನ ನಾನು ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟೆ.

ಇದೇ ಹೊತ್ತಿಗೆ ನನಗೆ ಮತ್ತೆ ಶಿವಮೊಗ್ಗದಿಂದ ಆಯ್ಕೆಗೆ ಕರೆ ಬಂತು. ಹೋಗುವ ಮನಸ್ಸಿರಲಿಲ್ಲ, ಹೆಂಡತಿ ದಬ್ಬಿದಳು. ಅದೇ ಮೇಜು, ಅದೇ ಅಧಿಕಾರಿ. ಈ ವರ್ಷ ಶಾಲೆಯಲ್ಲಿ ಏನು ಮಾಡಿದಿರಿ ಎಂದು ಕೇಳಿದರು. ಆ ಕೊನೆಯ ಮಾತನ್ನು ಹಿಡಿದುಕೊಂಡೆ. ಶಾಲೆಯಲ್ಲಿ ಏನೂ ಮಾಡಲಿಲ್ಲ, ಶಾಲೆಯ ಹೊರಗೆ ಒಬ್ಬನಿಗೆ ಕಲಿಸಿದೆ ಎಂದು ಹೊರಟೆ. ಹತ್ತು ನಿಮಿಷ ನಿಲ್ಲಲಿಲ್ಲ. ಕೂಟ, ಕೊಪ್ಪೆ, ಮೂರು ತಪ್ಪಿನ ನೇಮ, ಅಜ್ಜಿಯ ಕಣಜ. ತಪ್ಪು ಎಷ್ಟು ಮಾಡಿದೆನೋ ತಿಳಿಯದು. ಅವರು ಬರೆಯುವುದನ್ನು ಬಿಟ್ಟು ಕೇಳಿದರು. ಅವನು ಪಾಸಾದನೇ ಎಂದರು. ಇಲ್ಲ ಎಂದೆ. ನನ್ನ ಹೆಸರಿನ ಮುಂದೆ ಗುರುತು ಹಾಕಿ, ನೀವು ಆಯ್ಕೆಯಾಗಿದ್ದೀರಿ ಎಂದರು.

ಖುಷಿಯಾಗಲಿಲ್ಲ. ಒಬ್ಬನ ಅನ್ನ ಕಳೆದು ಅದೇ ಕಥೆಯಿಂದ ನಾನು ಗೆದ್ದು ಬಂದೆನೆಂಬ ನಾಚಿಕೆಯೇ ದಾರಿಯುದ್ದಕ್ಕೂ ಇತ್ತು. ಹೊಸನಗರದಲ್ಲಿ ಬಸ್ಸಿಳಿದರೆ ಅವನು ಮಳೆಯಲ್ಲಿ ಕೊಪ್ಪೆ ಹೊದ್ದು ಕಾಯುತ್ತಿದ್ದ. ಏನು ಕೇಳಿದರು ಎಂದು ಇಂಗ್ಲಿಷಿನಲ್ಲೇ ಶುರು ಮಾಡಿದ. ಹೇಳಿದೆ. ತಾನೇ ಗೆದ್ದವನ ಹಾಗೆ ಹಿಗ್ಗಿ ನನ್ನ ಕೈ ಹಿಡಿದು ಕುಲುಕಿದ. ನನಗೆ ತಲೆ ಎತ್ತಲು ಆಗಲಿಲ್ಲ.

"ಸೆಪ್ಟೆಂಬರ್‌ಗೆ ಮತ್ತೆ ಕಟ್ತೀಯಾ?" ಎಂದೆ.

"ಕಟ್ತೀನಿ. ಪಾಸಾದ್ರೆ ಬೇರೆ ಕಡೆ ಹಾಕ್ಸಿಕೊಡ್ತೀನಿ ಅಂದಿದಾರೆ ಡಾಕ್ಟ್ರು." ಆಮೇಲೆ ಸಂಕೋಚದಿಂದ ಕೇಳಿದ. "ಆ ಗೈಡ್ ಕೊಡ್ತೀರಾ ಮೇಷ್ಟ್ರೇ?"

ನಾನು ಮನೆಯ ಕಡೆ ಹೊರಟೆ. ಅವನು ಹಿಂದೆಯೇ ಬಂದ.

"ಬೇಜಾರು ಮಾಡ್ಕಬೇಡಿ. ಮಾತು ಕಲಿತಾಯ್ತು, ಅದನ್ನ ಯಾರೂ ಕಿತ್ಕಳಕ್ಕೆ ಆಗಲ್ಲ. ಇನ್ನು ಪಾಸಾಗೋದೊಂದು ಉಳಿದದೆ."

ಟ್ರಂಕಿನ ಬೀಗ ತೆಗೆದು ಗೈಡನ್ನು ನಾನೇ ಕೈಯಾರೆ ಕೊಟ್ಟೆ. ಅದನ್ನು ಕೊಪ್ಪೆಯ ಒಳಗೆ ಒದ್ದೆಯಾಗದ ಹಾಗೆ ಇಟ್ಟುಕೊಂಡು ಹೋದ.

ತರಬೇತಿಗೆ ಹೋದೆ. ಮಕ್ಕಳಿಂದ ಬಾಯಿಪಾಠ ಮಾಡಿಸಬೇಡಿ, ಮಾತಾಡಿಸಿ, ನಡುವೆ ತಿದ್ದಬೇಡಿ ಎಂದು ಅಲ್ಲಿನ ಉಪಾಧ್ಯಾಯರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ನಾಲ್ವತ್ತು ಜನ ಮೇಷ್ಟರುಗಳು ಭಕ್ತಿಯಿಂದ ಬರೆದುಕೊಂಡರು. ನಾನೊಬ್ಬ ಪೆನ್ನು ಮುಟ್ಟದೆ ಕೂತಿದ್ದೆ. ಅದನ್ನು ಬಾಯಿಪಾಠ ಮಾಡಿ ನಾವು ಪರೀಕ್ಷೆ ಬರೆಯಬೇಕಿತ್ತು.

ನವೆಂಬರಿನಲ್ಲಿ ಒಂದು ದಿನ ಅಲ್ಲಿಗೇ ಒಂದು ಕಾರ್ಡು ಬಂತು. ಸಾಗರ ತಾಲ್ಲೂಕಿನ ಒಂದು ದವಾಖಾನೆಯ ವಿಳಾಸವಿತ್ತು. ಅವನ ಅಕ್ಷರ, ಅವನ ಇಂಗ್ಲಿಷು. ಪಾಸಾದೆ, ಐವತ್ತೊಂದು ಅಂಕ, ಕೆಲಸ ಸಿಕ್ಕಿತು ಎಂದು ಶುರುವಾಗಿ ಹೀಗೆ ಮುಂದುವರಿದಿತ್ತು. ಪ್ರಯಾಣದ ಪ್ರಬಂಧವನ್ನೇ ಮತ್ತೆ ಕೇಳಿದ್ದರು, ಈ ಸಲ ನಾನು ಸಮುದ್ರ ಬರೆದೆ, ಹಡಗು ಬರೆದೆ, ತಪ್ಪು ಒಂದೂ ಇರಲಿಲ್ಲ. ಹೊಸ ಊರಿನಲ್ಲಿ ಮಾತಾಡಲು ಎದುರಾಳಿ ಇಲ್ಲ. ಇಲ್ಲಿಂದ ಘಟ್ಟ ಇಳಿದರೆ ಸಮುದ್ರ ದೂರವಿಲ್ಲವಂತೆ. ನೀವು ರಜೆಯಲ್ಲಿ ಬನ್ನಿ, ಇಬ್ಬರೂ ಹೋಗಿ ನೋಡಿ ಬರೋಣ, ಬರೆದ ಮೇಲಾದರೂ ನೋಡಬೇಕಲ್ಲ.

ಐದು ಸಾಲಿಗೆ ಒಂಬತ್ತು ತಪ್ಪು. ಎಣಿಸಿದ್ದು ಅಭ್ಯಾಸಬಲ. ಒಂದನ್ನೂ ಹೇಳದೆ, ಬರುತ್ತೇನೆ ಎಂದು ಬರೆದೆ.